ಹಳದಿ ಚೀಲದ ಹಿಂದೆ

ಬುದ್ಧಿಗೆ ನಿಲುಕದ ಸಂಗತಿಗಳು ಎಲ್ಲರ ಬಾಳಿನಲ್ಲೂ ಇರುತ್ತವೆ. ನನ್ನ ಬಾಳಿನಲ್ಲಿ ಬಹುಕಾಲ ಇದ್ದದ್ದು ಒಂದೇ: ನಮ್ಮ ವಿಮಾ ಕಚೇರಿಯ ಬಡ್ತಿ ಪಟ್ಟಿ. ಉಳಿದಂತೆ ಅಶರೀರವಾಣಿ, ಪವಾಡ ಇವನ್ನೆಲ್ಲ ನಂಬಿದವನಲ್ಲ. ನಂಬುವವರನ್ನು ಕಂಡರೆ ಕನಿಕರಪಡುತ್ತಿದ್ದೆ.

2002ರ ಜನವರಿಯಲ್ಲಿ ಹೆಂಡತಿಯೊಂದಿಗೆ, ನಾವಿರುವ ಚೆನ್ನೈನಿಂದ ಹಡಗು ಹತ್ತಿ ಅಂಡಮಾನಿಗೆ ಹೋದೆ. ಮೂರು ದಿನದ ಕಡಲಗಾಳಿಗೆ ಅವಳ ಗಂಟಲು ಪೂರ್ತಿ ಕಟ್ಟಿಹೋಯಿತು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅಂಥ ಶಾಂತಿ ಕಂಡಿರಲಿಲ್ಲ ಎಂದು ಬರೆದರೆ ಅವಳು ಓದುತ್ತಾಳೆ, ಆದ್ದರಿಂದ ಬರೆಯುವುದಿಲ್ಲ.

ಅಲ್ಲಿಂದ ದೂರದ ದ್ವೀಪವೊಂದರ ರಾಷ್ಟ್ರೀಯ ಉದ್ಯಾನಕ್ಕೆ ಏಳು ಜನ ಪ್ರವಾಸಿಗರು ದೋಣಿಯಲ್ಲಿ ಹೋದೆವು. ಕನ್ನಡದವರು ನಾವಿಬ್ಬರೇ. ಫಾರೆಸ್ಟ್ ಗಾರ್ಡ್ ಮುತ್ತಯ್ಯ, ತಮಿಳಿನವರು, ಮೊದಲೇ ಎಚ್ಚರಿಸಿದ್ದರು: ನಾಲ್ಕರ ಮೇಲೆ ನೀರು ಇಳಿಯುತ್ತದೆ, ದೋಣಿ ಯಾರಿಗೂ ಕಾಯುವುದಿಲ್ಲ.

ಎಂಥ ಕಾಡು! ಬೇರುಗಳೇ ನನ್ನ ಎದೆಯೆತ್ತರದ ಗೋಡೆಗಳು. ಮರದ ತುದಿ ನೋಡಹೋದರೆ ತಲೆಯ ಟೋಪಿ ಬೀಳುತ್ತಿತ್ತು. ನಾನು ಟೋಪಿ ತೆಗೆದೇ ನಡೆದೆ. ಆ ಮರಗಳಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಚೆನ್ನೈನ ಟಿ. ನಗರದ ಸೀರೆ ಅಂಗಡಿಗಳ ನೂಕುನುಗ್ಗಲಿನಲ್ಲಿ ಹೆಂಡತಿಯ ಹಳದಿ ಕೈಚೀಲವನ್ನೇ ನೋಡುತ್ತ ಹಿಂದೆ ನಡೆಯುವುದು ನನ್ನ ಪದ್ಧತಿ. ಇಲ್ಲೂ ಹಾಗೇ ಮಾಡಿದೆ. ಒಂದು ಮರವನ್ನು ಕಣ್ತುಂಬ ನೋಡಿ, ಕತ್ತು ಇಳಿಸಿ, ಮುಂದೆ ಕಂಡ ಹಳದಿಯತ್ತ ನಡೆದೆ. ಹತ್ತಿರ ಹೋದರೆ ಅದು ಬಳ್ಳಿಯಲ್ಲಿ ತೂಗುತ್ತಿದ್ದ ಹಣ್ಣೆಲೆ. ತಿರುಗಿದರೆ ದಾರಿಯಿಲ್ಲ. ಕೂಗಿದೆ, ಉತ್ತರವಿಲ್ಲ. ಗಂಟೆ ಮೂರೂವರೆ.

ಆಗ ಎಡಗಡೆಯಿಂದ ಸ್ಪಷ್ಟವಾಗಿ ಕೇಳಿಸಿತು: "ರೀ, ಆ ಕಡೆ ಅಲ್ರೀ, ಈ ಕಡೆ!"

ಟಿ. ನಗರದ ಅದೇ ದನಿ, ಅದೇ ಬೇಸರ. ಮರುಮಾತಿಲ್ಲದೆ ನಡೆದೆ. ಮತ್ತೆರಡು ಸಲ ಕೇಳಿಸಿತು. ಕಾಡು ಮುಗಿದು ಕಡಲು ಕಂಡಿತು. ಹೆಂಡತಿ ದೋಣಿಯ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ನನ್ನನ್ನು ಕಂಡು ಬಾಯಿ ತೆರೆದಳು. ಬರೀ ಉಸಿರು ಬಂತು. ಕಾಡಿನಲ್ಲಿ ಕೇಳಿದ ದನಿಯ ಸಂಗತಿಯನ್ನು ಮುತ್ತಯ್ಯನವರಿಗೆ ಹೇಳಿದೆ.

"ಅದು ಕುರುವಿ ಸಾರ್. ಎಲ್ಲಾರ್ ಮಾದಿರಿಯುಂ ಪೇಸುಂ," ಎಂದರು ಮುತ್ತಯ್ಯ. ಕುರುವಿ ಎಂದರೆ ಹಕ್ಕಿ; ಅದು ಎಲ್ಲರ ಹಾಗೂ ಮಾತಾಡುತ್ತದಂತೆ.

"ಕನ್ನಡಮುಮಾ?" ಎಂದೆ, ಕನ್ನಡವನ್ನೂ ಆಡುತ್ತದೆಯೇ ಎಂದು.

ಅವರು ಸ್ವಲ್ಪ ಯೋಚಿಸಿ, "ಅದು ತೆರಿಯಾದು ಸಾರ್," ಎಂದು ಅಜ್ಞಾನ ಒಪ್ಪಿಕೊಂಡರು.

ಚೆನ್ನೈಗೆ ಮರಳಿ ಗಂಟಲು ಸರಿಹೋದ ಮೇಲೆ ಹೆಂಡತಿಯನ್ನೇ ಕೇಳಿದೆ. "ನಾ ಕರ್ದಾಗ ನೀವು ಯಾವತ್ರೀ ಬಂದಿದ್ರಿ? ಅದಕ್ಕೇ ಬೇರೆ ಯಾರೋ ಕರ್ದಿದಾರೆ," ಎಂದಳು.

ಹಕ್ಕಿಯೇ ಇರಲಿ, ಮಾತೇ ಆಡದವಳ ಮಾತನ್ನು ಅದು ಕಲಿತದ್ದು ಯಾವಾಗ? ಇಂದಿಗೂ ನನಗೆ ತಿಳಿಯದು. ದೋಣಿ ನಾಲ್ಕಕ್ಕೆ ಹೊರಟಿತು. ಏಳು ಜನರೂ ಅದರಲ್ಲಿದ್ದೆವು.