ಎದುರು ಮೇಜಿನವರ ತಕರಾರು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಒಂದು ಸುತ್ತಿಗೆ ಏಟಿನ ಗುರುತು ಮಾಸುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಾವಿಬ್ಬರೂ ಗಾಲಿಕುರ್ಚಿಗಳ ವಿನ್ಯಾಸ ಮಾಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಲೆಕ್ಕ ಹಾಕಿ, ಆಮೇಲೆ ಕಬ್ಬಿಣ ಮುಟ್ಟುವುದು ನನ್ನ ಅಭ್ಯಾಸ. ಎದುರು ಮೇಜಿನ ಮೇಡಂ ಮೊದಲು ಕಬ್ಬಿಣ ಬಗ್ಗಿಸಿ, ಅದು ಮುರಿದ ಮೇಲೆ ಯೋಚಿಸುವವರು. ಬೆಳಿಗ್ಗೆ ಕೆಂಗೇರಿಯಿಂದ ಬಂದವರೇ, ಬ್ಯಾಗು ಇಳಿಸುವ ಮೊದಲೇ ನನ್ನ ಚಿತ್ರದಲ್ಲಿ ತಪ್ಪು ಹುಡುಕುತ್ತಿದ್ದರು.

ಒಮ್ಮೆ ನಾನು ಟೈರನ್ನು ಒತ್ತಿ ಹಿಡಿಯುವ ಹೊಸ ಬ್ರೇಕಿನ ಲೆಕ್ಕ ಮುಗಿಸಿದ್ದೆ. ಮೊದಲ ಮಾದರಿಯೂ ತಯಾರಾಗಿತ್ತು.

"ಲೆಕ್ಕ ಚೆನ್ನಾಗಿದೆ ಸಾರ್. ಮಳೇಲಿ?" ಎಂದರು.

"ಟೈರು ಒದ್ದೆಯಾದ್ರೂ ಹಿಡಿಯುತ್ತೆ ಮೇಡಂ."

ಅವರು ಶೆಡ್ಡಿನ ಮುಂದಿನ ಇಳಿಜಾರಿಗೆ ಒಂದು ಬಕೆಟ್ ನೀರು ಸುರಿದರು. ಕುರ್ಚಿಯಲ್ಲಿ ಕೂತು, ಬ್ರೇಕು ಹಾಕಿ, ಎರಡೂ ಕೈ ಮೇಲೆತ್ತಿದರು. ಕುರ್ಚಿ ಜಾರಿತು. ನೇರ ಹೋಗಿ ಗೇಟಿಗೆ ಬಡಿಯಿತು. ನಾನು ಓಡಿದೆ. ಅವರ ಮೊಣಕೈ ತರಚಿ ರಕ್ತ ಬಂದಿತ್ತು. ಅವರು ಅಲ್ಲಿಂದಲೇ ಕೂಗಿದರು: "ನಾನು ಸರಿ ಇದೀನಿ. ನಿಮ್ಮ ಬ್ರೇಕ್ ಸರಿ ಇಲ್ಲ!"

ಮರುದಿನ ಹಳೇ ಸ್ಕೂಟರಿನ ಬ್ರೇಕು ತಂದು ಚಕ್ರದ ನಡುವಿಗೇ ಜೋಡಿಸಿದರು. ಅದೇ ಒದ್ದೆ ಇಳಿಜಾರಿನಲ್ಲಿ ಕುರ್ಚಿ ಅಲುಗಲಿಲ್ಲ. ಆದರೆ ಅದರ ಹಿಡಿ ಎಳೆಯಲು ನನಗೇ ಕಷ್ಟವಾಯಿತು.

"ಲಕ್ವ ಹೊಡೆದ ಕೈ ಇದನ್ನ ಎಳೆಯುತ್ತಾ? ಪೈಲ್ವಾನರಿಗೆ ಗಾಲಿಕುರ್ಚಿ ಮಾಡ್ತಾ ಇದೀವಾ?" ಎಂದೆ.

"ಹಾಗಾದ್ರೆ ನಿಮ್ಮ ಲೆಕ್ಕ ತನ್ನಿ. ಸುಮ್ನೆ ಬಾಯಿ ಮಾಡ್ಬೇಡಿ."

ದಿನಗಟ್ಟಲೆ ಜಗಳವಾಡಿದೆವು. ಮಾಲೀಕರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಕೊನೆಗೆ ಮೇಡಂ ತಂದ ಸ್ಕೂಟರ್ ಬ್ರೇಕೂ, ಹಿಡಿಯನ್ನು ಹಗುರ ಮಾಡುವ ನನ್ನ ಸ್ಪ್ರಿಂಗಿನ ಲೆಕ್ಕವೂ ಸೇರಿ, ಎರಡು ಬೆರಳಿಗೆ ಬಗ್ಗುವ ಬ್ರೇಕು ಹುಟ್ಟಿತು. ಒಬ್ಬೊಬ್ಬರೇ ಕೂತಿದ್ದರೆ ಇಬ್ಬರಿಗೂ ಅದು ಹೊಳೆಯುತ್ತಿರಲಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಅವರ ಯಜಮಾನರು ಫೋನ್ ಮಾಡಿದರು. "ಏಳ್ಲೇ ಇಲ್ಲ ಸಾರ್. ನಿದ್ದೇಲೇ..." ಎಂದರು. ನಾನು ಆಗಲೇ ಕೆಂಗೇರಿಗೆ ಹೊರಟೆ.

ಹಿಂದಿನ ಸಂಜೆ ತಾನೇ ಮೇಡಂ, ಆಸರೆಯಿಲ್ಲದೆ ನಡೆಯಲು ಆಗದವರು ಊರಿಕೊಳ್ಳುವ ವಾಕರಿನ ನನ್ನ ಹೊಸ ಚಿತ್ರ ನೋಡಿ, "ನಾಳೆ ಇದೆ ನಿಮಗೆ" ಎಂದು ನಕ್ಕು ಹೊರಟಿದ್ದರು. ಏನು ತಪ್ಪು ಕಂಡಿತ್ತೋ, ಹೇಳಿರಲಿಲ್ಲ.

ಅವರ ತಿಥಿ ಕಳೆದ ಮೇಲೆ ಅದೇ ಚಿತ್ರವನ್ನು ಮೀಟಿಂಗಿನಲ್ಲಿ ತೋರಿಸಿದೆ. "ಸೂಪರ್ ಸಾರ್" ಎಂದರು ಒಬ್ಬರು. ಉಳಿದವರೂ ತಲೆಯಾಡಿಸಿದರು. ನಾನು ಚಿತ್ರದ ಒಂದೊಂದೇ ಗೆರೆಯನ್ನು ಮತ್ತೆ ನೋಡಿದೆ. ಅದರಲ್ಲಿ ಎಲ್ಲೋ ತಪ್ಪಿದೆ. ಅದನ್ನು ನಂಬಿ ಹೆಜ್ಜೆಯಿಟ್ಟ ಯಾರೋ ಬೀಳುತ್ತಾರೆ. ಆ ತಪ್ಪು ಕಂಡವರು ಈಗ ಇಲ್ಲ.

"ಹಾಗಾದ್ರೆ ಫೈನಲ್ ಮಾಡಿಬಿಡೋಣ್ವಾ?" ಮಾಲೀಕರು ಕೇಳಿದರು.

"ಬೇಡ ಸಾರ್," ಎಂದೆ. "ಇನ್ನೂ ಯಾರೂ ಬೈದಿಲ್ಲ."