ನಾಲ್ಕೂವರೆ ಇಂಚಿನ ಮರೆ

ಗಾರೆ ಕೆಲಸದ ದೇವಯ್ಯನಿಗೆ ಅರವತ್ತೆರಡು ವರ್ಷ. ಅದರಲ್ಲಿ ನಲವತ್ತು ವರ್ಷವನ್ನು ಅವನು ನಾಗಮಂಗಲದ ಸುತ್ತಿನ ಜನರಲ್ಲಿ ಒಬ್ಬರಿಂದೊಬ್ಬರನ್ನು ಬೇರೆ ಮಾಡುವುದರಲ್ಲೇ ಕಳೆದಿದ್ದ. ಅಣ್ಣತಮ್ಮಂದಿರು ಭಾಗ ಆದರೆ ಪಡಸಾಲೆಯ ನಡುವೆ ಗೋಡೆ, ಅತ್ತೆ ಸೊಸೆಗೆ ಆಗದಿದ್ದರೆ ಅಡುಗೆಮನೆಗೆ ಅಡ್ಡಗೋಡೆ, ಪಕ್ಕದ ಮನೆಯ ಕೋಳಿ ಬರುತ್ತದೆಂದು ಕಾಂಪೌಂಡು. ಕಟ್ಟಿಸುವಾಗ ಎಲ್ಲರೂ ಒಳ್ಳೆಯವರೇ, ಯಾರ ಬಾಯಲ್ಲೂ ಗೋಡೆ ಎಂಬ ಮಾತು ಬರುವುದಿಲ್ಲ. ಒಬ್ಬ ‘ಸುಮ್ನೆ ಒಂದು ತಡಿಕೆ’ ಎನ್ನುತ್ತಾನೆ, ಇನ್ನೊಬ್ಬ ‘ಚಿಕ್ಕದೊಂದು ಅಡ್ಡ’ ಎನ್ನುತ್ತಾನೆ. ದೇವಯ್ಯನಿಗೆ ಇದು ಆಗದು. ಮಣ್ಣಿನದು ಬದು, ಮುಳ್ಳಿನದು ಬೇಲಿ, ಬಿದಿರಿನದು ತಡಿಕೆ. ಇಟ್ಟಿಗೆ ಇಟ್ಟು ಕಟ್ಟಿದ ಮೇಲೆ ಅದು ಗೋಡೆಯೇ. ಹಾಗೆನ್ನಲು ನಾಚಿಕೆಯಾದರೆ ಕಟ್ಟಿಸುವುದೇಕೆ?

ಮೇಲಿನ ಬೀದಿಯ ಅರ್ಧ ದೇವರಮನೆಗಳು ಅವನ ಕೈಯವೇ. ಗೃಹಪ್ರವೇಶದ ದಿನ ಅವನಿಗೊಂದು ಪಂಚೆ, ಒಂದು ಟವೆಲ್ಲು ಕೊಡುತ್ತಾರೆ. ಮಾರನೆಯ ದಿನದಿಂದ ಅವನ ಜಾಗ ಜಗಲಿ. ಸಿಮೆಂಟು ಹಸಿ ಇರುವಾಗ ಇಲ್ಲದ ಮೈಲಿಗೆ ಒಣಗಿದ ಮೇಲೆ ಎಲ್ಲಿಂದ ಬರುತ್ತದೋ, ಆ ಪುಣ್ಯಾತ್ಮರೇ ಹೇಳಬೇಕು.

ಸರ್ಕಾರದ ದುಡ್ಡಿನಲ್ಲಿ ಊರಿಗೊಂದು ಸಮುದಾಯ ಭವನ ಬಂದಿತ್ತು. ಯಾರಿಗೂ ಇಲ್ಲ ಎನ್ನುವ ಹಾಗಿರಲಿಲ್ಲ, ಅಂದರೆ ಕೇಸು ಬೀಳುತ್ತಿತ್ತು. ಹಾಗಾಗಿ ಕೆಳಗಿನ ಬೀದಿಯವರು ಕೇಳಿದಾಗಲೆಲ್ಲ ಆ ತಾರೀಕಿಗೆ ಬೇರೆ ಯಾರೋ ಹೇಳಿಬಿಟ್ಟಿರುತ್ತಿದ್ದರು. ದೇವಯ್ಯನ ಮೊಮ್ಮಗಳು ಚೈತ್ರ ಕೆ.ಆರ್. ಪೇಟೆಯಲ್ಲಿ ಮೇಷ್ಟರ ಕೆಲಸದಲ್ಲಿದ್ದಳು. ತನ್ನ ಮದುವೆ ಆ ಭವನದಲ್ಲೇ ಆಗಬೇಕೆಂದು ಅವಳು ಅರ್ಜಿ ಬರೆದು, ಸೀಲು ಹಾಕಿಸಿಕೊಂಡು ಬಂದಳು. ಮೇಲಿನ ಬೀದಿಯಲ್ಲಿ ಗುಸುಗುಸು ಎದ್ದಿತು. ನಾಲ್ಕನೆಯ ದಿನ ಭವನದ ಕಮಿಟಿಯ ಯಜಮಾನ ಚಲುವರಾಜು ದೇವಯ್ಯನಿಗೆ ಹೇಳಿಕಳಿಸಿದ. ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವನು, ಮಾತಿನಲ್ಲಿ ಮಾತ್ರ ದೊಡ್ಡವನು.

“ಊಟದ ಹಾಲ್‌ನಾಗೆ ಒಂದು ಮರೆ ಆಗ್ಬೇಕು ಕಣ್ಲಾ ದೇವಯ್ಯ. ಗ್ವಾಡೆ ಅಲ್ಲ ಮತ್ತೆ, ಬರೀ ಮರೆ. ಗಾಳಿ ಜಾಸ್ತಿ.”

“ಯಾವ ಕಡೆ ಗಾಳಿ ಗೌಡ್ರೆ?”

ಕಮಿಟಿಯ ಐದು ಜನರೂ ಆಕಾಶ ನೋಡಿದರು. ಪುಸ್ತಕದಲ್ಲಿ ‘ಪಾರ್ಟಿಷನ್’ ಎಂದು ಬರೆದಾಗಿತ್ತು. ರಸ್ತೆಯ ಕಡೆಯ ದೊಡ್ಡ ಬಾಗಿಲೂ ಮುಂದಿನ ಅರ್ಧವೂ ಮೇಲಿನ ಬೀದಿಗೆ, ಹಿಂಬಾಗಿಲೂ ಹಿಂದಿನ ಅರ್ಧವೂ ಕೆಳಗಿನ ಬೀದಿಗೆ.

“ಮರೆ ಎದ್ರೆ ನಿನ್ ಮೊಮ್ಮಗಳ ಮದ್ವೆಗೆ ನಮ್ದೇನೂ ತಕರಾರಿಲ್ಲ ಬುಡು,” ಎಂದ ಚಲುವರಾಜು. “ನನ್ ಮಗ್ಳು ದಿವ್ಯನ ಮದ್ವೆ ಅದ್ಕಿಂತ ಒಂಬತ್ತು ದಿನ ಮುಂಚೆ ಐತೆ. ಅಷ್ಟರಾಗೆ ಮುಗ್ಸು.”

ದೇವಯ್ಯ ದಾರ ಹಿಡಿದು ಅಳತೆ ತೆಗೆದ. ಅಳೆಯುತ್ತ ಹಿಂದಿನ ಗೋಡೆಗೆ ಬಂದವನು ಅಲ್ಲೇ ಒಂದು ಗಳಿಗೆ ನಿಂತ. ದಾರ ಸುತ್ತಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಹೆಂಡತಿ ದ್ಯಾವಮ್ಮ ಕೆಂಡವಾದಳು. “ಮೊಮ್ಮಗಳು ಉಣ್ಣೋ ಜಾಗುಕ್ಕೆ ನೀನೇ ಗ್ವಾಡೆ ಎಬ್ಬುಸ್ತೀಯಾ? ನಿನ್ ಕೈಗೆ ಬೇರೆ ಕ್ಯಾಮೆ ಇಲ್ವಾ?”

ಚೈತ್ರ ಕೂಗಾಡಲಿಲ್ಲ. “ತಾತ, ಆ ಗೋಡೆ ಇರೋವರ್ಗೂ ನಾನು ಅಲ್ಲಿ ಹಸೆಮಣೆ ಮೇಲೆ ಕುಂತ್ಕಳಲ್ಲ. ಮದ್ವೆ ನಿಂತ್ರೂ ಸರಿ,” ಎಂದು ಒಳಗೆ ಹೋದಳು. ಅವಳು ಆಡಿದರೆ ಆಡಿದ ಹಾಗೇ ಎಂಬುದು ದೇವಯ್ಯನಿಗೆ ಗೊತ್ತಿತ್ತು.

“ಕಟ್ತೀನಿ ಕಣಮ್ಮೀ,” ಎಂದ ದ್ಯಾವಮ್ಮನ ಹತ್ತಿರ, ದನಿ ಇಳಿಸಿ. “ಅವ್ರು ಯೋಳಿದ್ ಜಾಗದಾಗೇ, ಒಂದು ಇಂಚು ಅತ್ಲಾಗಿಲ್ಲ ಇತ್ಲಾಗಿಲ್ಲ. ಅಡ್ಗೆಮನೆ ಎಲ್ಲೈತೆ ಯೋಳು?”

ದ್ಯಾವಮ್ಮ ಯೋಚಿಸಿದಳು. ಅಡುಗೆಮನೆ ಇರುವುದು ಹಿಂದಿನ ಅರ್ಧಕ್ಕೆ ಅಂಟಿಕೊಂಡು. ಅವಳು ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಐದು ಜನ ಗಂಡಸರು, ಹುಟ್ಟಿದಾಗಿನಿಂದ ಒಂದು ಲೋಟ ತೊಳೆದವರಲ್ಲ, ಯಾರು ಯಾವ ಬಾಗಿಲಲ್ಲಿ ಬರಬೇಕೆಂದು ಮೂರು ದಿನ ತಲೆ ಕೆಡಿಸಿಕೊಂಡಿದ್ದರು. ಅನ್ನ ಯಾವ ಬಾಗಿಲಲ್ಲಿ ಬರುತ್ತದೆಂದು ಒಬ್ಬನಿಗೂ ಹೊಳೆದಿರಲಿಲ್ಲ.

ನಾಲ್ಕೂವರೆ ಇಂಚಿನ ಗೋಡೆ ಎದ್ದಿತು. ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ವಾಲಿರಲಿಲ್ಲ.

ದಿವ್ಯಳ ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಡುಗೆಯ ಪುಟ್ಟರಾಜು ಪಾತ್ರೆ ಪಡಗ ಇಳಿಸಿ, ಅತ್ತಿತ್ತ ನೋಡಿ, ಊಟಕ್ಕೆ ಕೂರುವುದು ಮುಂದೆಯಾದರೆ ಸಾಂಬಾರಿನ ಹಂಡೆ ಹೇಗೆ ಬರಬೇಕೆಂದು ಕೇಳಿದ. ಆಗ ಕಮಿಟಿಯವರ ಮುಖ ನೋಡಬೇಕಿತ್ತು. ಹೊರಗಿನಿಂದ ಸುತ್ತಿ ತರೋಣವೆಂದರೆ ಭವನದ ಎರಡೂ ಬದಿಗೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೇ ಜಾಗ. ಗೋಡೆಯಲ್ಲಿ ಬಾಗಿಲು ಬಿಡೋಣವೆಂದರೆ, ತಮ್ಮ ಎಲೆಗೆ ಬೀಳುವ ಅನ್ನ ಕೆಳಗಿನ ಬೀದಿಯವರ ಪಂಕ್ತಿಯ ನಡುವೆ ಹಾದು ಬರಬೇಕು. ಜಾಗ ಅದಲುಬದಲು ಮಾಡಿಕೊಳ್ಳೋಣ ಎಂದು ಒಬ್ಬ ಬಾಯಿ ತೆರೆದ.

“ಅವ್ರು ಮುಂಬಾಗ್ಲಾಗೆ ಬಂದು ಮುಂದ್ಗಡೆ ಕುಂತ್ಕಳಾದಾ? ನಾವು ಹಿತ್ಲಾಗಾ?” ಎಂದು ಚಲುವರಾಜು ಗುಡುಗಿದ.

ಬೀಗರು ಸಂಜೆಗೆ ಬರುವವರಿದ್ದರು. ದೇವಯ್ಯನಿಗೆ ಕರೆ ಹೋಯಿತು.

“ಒಡ್ದಾಕ್ಬುಡ್ಲಾ ಅದ್ನ.”

“ಕಟ್ಟೋದು ನನ್ ಕ್ಯಾಮೆ ಗೌಡ್ರೆ. ಒಡೆಯೋದು ಬರಾಕಿಲ್ಲ,” ಎಂದ ದೇವಯ್ಯ. “ಮರೆ ತಾನೆ? ಸರಿಸ್ಬುಡಿ ಅತ್ಲಾಗೆ.”

ಕಮಿಟಿಯವರೇ ಸುತ್ತಿಗೆ ಹಿಡಿದರು. ಇಸ್ತ್ರಿ ಅಂಗಿಗಳಿಗೆಲ್ಲ ಕೆಂಪು ಧೂಳು, ಅಂಗೈಯಲ್ಲಿ ಬೊಬ್ಬೆ. ದೇವಯ್ಯ ಎದುರಿನ ಕಟ್ಟೆಯ ಮೇಲೆ ಕೂತು ಎರಡು ಟೀ ಕುಡಿದ. ಜೀವಮಾನದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ. ಗೋಡೆ ಹೋಯಿತು, ನೆಲದ ಮೇಲೆ ಸಿಮೆಂಟಿನ ಗೆರೆಯೊಂದು ಉಳಿಯಿತು.

ಒಂಬತ್ತು ದಿನದ ಮೇಲೆ ಚೈತ್ರ ನಗುತ್ತಲೇ ಹಸೆಮಣೆ ಏರಿದಳು. ದೇವಯ್ಯ ಮೇಲಿನ ಬೀದಿಯ ಮನೆಮನೆಗೂ ಹೋಗಿ ಕರೆದು ಬಂದಿದ್ದ. ಅವರೂ ಬಂದರು, ಚಲುವರಾಜುವಿನ ಹಿಂದೆ ನಲವತ್ತು ಜನ. ಅಕ್ಷತೆ ಹಾಕಿದರು, ಮುಯ್ಯಿ ಮಾಡಿದರು, ಚಪ್ಪಲಿ ಹುಡುಕತೊಡಗಿದರು.

“ಊಟ ಮಾಡ್ಕೊಂಡು ಓಗಿ ಗೌಡ್ರೆ.”

“ಆಗಾಕಿಲ್ಲ ಕಣ್ಲಾ. ಶುಗರ್ರು, ಡಾಕ್ಟ್ರು ಎಲ್ಲೂ ಉಣ್ಬ್ಯಾಡ ಅಂದವ್ರೆ.”

“ನಲವತ್ತು ಜನುಕ್ಕೂವಾ?”

ಚಲುವರಾಜು ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ದೇವಯ್ಯನ ಮೈಯೆಲ್ಲ ಉರಿಯಿತು. ಥೂ ಇವರ ಜನ್ಮಕ್ಕೆ, ಎಂದುಕೊಂಡು ಊಟದ ಹಾಲ್‌ಗೆ ಬಂದ.

ಮುಂದಿನ ಅರ್ಧದಲ್ಲಿ ಸಾಲುಸಾಲು ಎಲೆ ಹಾಕಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಕೆಳಗಿನ ಬೀದಿಯವರೆಲ್ಲ ಹಿಂಬಾಗಿಲಲ್ಲಿ ಬಂದು ಹಿಂದಿನ ಅರ್ಧದಲ್ಲೇ ಒತ್ತೊತ್ತಾಗಿ ಕೂತಿದ್ದರು. ಜಾಗ ಸಿಗದವರು ಹಿಂದಿನ ಗೋಡೆಗೊರಗಿ ಎರಡನೆಯ ಪಂಕ್ತಿಗೆ ಕಾಯುತ್ತಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ. ಇವರಿಗೇನು ಬಂದಿದೆ ರೋಗ ಎಂದು ಬೈಯಲು ಬಾಯಿ ತೆರೆದ ದೇವಯ್ಯ, ತನ್ನ ಕಾಲು ನೋಡಿಕೊಂಡ. ಅವನೂ ಬದಿಯ ಸಂದಿಯಲ್ಲಿ ಸುತ್ತಿ ಹಿಂಬಾಗಿಲಿಂದಲೇ ಒಳಗೆ ಬಂದಿದ್ದ. ಸಿಮೆಂಟಿನ ಗೆರೆಯಿಂದ ಗೇಣು ದೂರಕ್ಕೆ, ಈಚೆಗೇ ನಿಂತಿದ್ದ. ಬೆಳಗಿನಿಂದ ಹತ್ತು ಸಲ ಓಡಾಡಿದ್ದರೂ ಒಂದು ಸಲವೂ ಅದನ್ನು ದಾಟಿರಲಿಲ್ಲ.

ಅವನಿಗೆ ನಾಚಿಕೆಯಾಯಿತು, ಚಲುವರಾಜುವಿನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಾಗಿ. ಗೆರೆ ದಾಟಿ ನಡೆದು, ದೊಡ್ಡ ಬಾಗಿಲ ಪಕ್ಕದ ಮೊದಲ ಎಲೆಯ ಮುಂದೆ ಕೂತ.

“ಪುಟ್ಟರಾಜು, ಇಲ್ಲಿಂದ ಶುರು ಮಾಡಪ್ಪ,” ಎಂದು ಕೂಗಿದ.