ಹಳೇ ಕಾರ್ಡಿನ ಕುಂಕುಮ

ಅಂದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಮೊಳಕೆ ಬಂದ ಹುರುಳಿಕಾಳನ್ನು ಒದ್ದೆ ಬಟ್ಟೆಯಿಂದ ಬಿಡಿಸಿಟ್ಟೆ. ಸ್ಟುಡಿಯೊದ ಗಾಜು ಒರೆಸಿದೆ. ಮದ್ದೂರಿನ ರಸ್ತೆಯ ದೂಳಿಗೆ ಅದನ್ನು ದಿನಾ ಒರೆಸಲೇಬೇಕು. ನಾಮಕರಣದ ಆಲ್ಬಮ್ಮಿಗೆ ಫೋಟೊ ಆರಿಸಿದೆ. ಆಮೇಲೆ, ಹಿಂದಿನ ಸಂಜೆ ಮಂಡ್ಯದಿಂದ ಬಂದಿದ್ದ ಕಂಪ್ಯೂಟರ್ ಡಬ್ಬದ ಪಕ್ಕದ ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಟ್ಟು ನೋಡಿದೆ.

ನಾವು ಗಂಡಹೆಂಡಿರು ಮದುವೆಯ ವಿಡಿಯೊ ಮಾಡುವವರು. ತೆಗೆಯುವುದು ಅವರು, ಕತ್ತರಿಸಿ ಜೋಡಿಸುವುದು ಬಹುಮಟ್ಟಿಗೆ ನಾನು. ಹೊಸ ಕ್ಯಾಮೆರಾದ ದೊಡ್ಡ ದೊಡ್ಡ ವಿಡಿಯೊಗಳನ್ನು ಹಳೇ ಗ್ರಾಫಿಕ್ಸ್ ಕಾರ್ಡು ತಡೆಯಲಾರದೆ ನಡುವೆಯೇ ನಿಂತುಬಿಡುತ್ತಿತ್ತು. ಹೊಸದೊಂದು ಕೊಂಡೆವು. ಹಳೆಯದನ್ನು ಎಸೆಯಬೇಡಿ, ಜೊತೆಗೇ ಇರಲಿ, ಎರಡು ಪರದೆಗೆ ಚಿತ್ರ ತೋರಿಸುವ ಕೆಲಸ ಅದಕ್ಕೆ, ವಿಡಿಯೊ ಕಟ್ಟುವ ಭಾರ ಹೊಸದಕ್ಕೆ ಎಂದು ಮಂಡ್ಯದ ರಿಪೇರಿ ಭಾಯಿ ಹೇಳಿದರು. ಡಬ್ಬವನ್ನು ಅವರ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆವು. ಹಿಂದಿನ ಸಂಜೆ ಇವರೊಬ್ಬರೇ ಹೋಗಿ ಬಸ್ಸಿನಲ್ಲಿ ತಂದಿದ್ದರು.

ಈಗ ಒಳಗೆ ಎರಡೂ ಒಂದರ ಕೆಳಗೊಂದು ಕೂತಿದ್ದವು. ಆದರೆ ಹಳೆಯದರ ಫ್ಯಾನಿನ ನಡುವೆ ಪ್ರತಿ ಆಯುಧಪೂಜೆಗೂ ನಾನಿಡುವ ಕುಂಕುಮದ ಬೊಟ್ಟು ಇರಲಿಲ್ಲ. ಹೊಸದರಷ್ಟೇ ಮಿರಿಮಿರಿ ಮಿಂಚುತ್ತಿತ್ತು. ಸ್ವಿಚ್ಚು ಹಾಕಿದೆ. ಶುರುವಾಗುವಾಗ ಟಿಕ್ಕು ಟಿಕ್ಕು ಅನ್ನುತ್ತಿತ್ತಲ್ಲ, ಅದೂ ಇಲ್ಲ. ಡಬ್ಬದ ಮೂಲೆಯಲ್ಲಿ ಟೇಪು ಹಚ್ಚಿದ ಒಂದು ಸಣ್ಣ ಪೊಟ್ಟಣ. ಹಾಕಬೇಕಾದ ಸ್ಕ್ರೂ ಹಾಕದೆ ಉಳಿಸಿದ್ದಾರೆ ಅಂದುಕೊಂಡೆ.

“ಇದು ನಮ್ಮ ಕಾರ್ಡಲ್ಲ ಕಣ್ರಿ. ಬದಲಾಯಿಸವ್ರೆ,” ಅಂದೆ.

ಇವರು ಕುರ್ಚಿಯಿಂದ ಏಳಲಿಲ್ಲ. “ನಿಂಗೆ ಹಾಲ್ನೋನ ಮೇಲೆ ಅನುಮಾನ, ಗ್ಯಾಸ್‌ನೋನ ಮೇಲೆ ಅನುಮಾನ. ಈಗ ಕಾರ್ಡ್ ಮೇಲೂವಾ?”

“ಕುಂಕುಮ ಎಲ್ಲೋಯ್ತು?”

“ಹೊಸ ಓರಗಿತ್ತಿ ಬಂದ್ಲು ಅಂತ ಮೊಕ ತೊಳ್ಕೊಂಡದೆ, ಬುಡು.”

ನನಗೆ ನಗು ಬರಲಿಲ್ಲ. ಮರುದಿನ ಕೊತ್ತತ್ತಿಯಲ್ಲಿ ಬೀಗರೂಟ. ಅಲ್ಲಿ ದೊಡ್ಡ ಪರದೆಯ ಮೇಲೆ ಮದುವೆ ತೋರಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಕಾಲು ಮುರಿದುಕೊಂಡು ಧಾರೆಗೆ ಬರಲಾಗದಿದ್ದ ಹುಡುಗನ ಅಜ್ಜಿ, ಮೊಮ್ಮಗ ತಾಳಿ ಕಟ್ಟುವುದನ್ನು ಅಲ್ಲೇ ಮೊದಲ ಸಲ ನೋಡಬೇಕಿತ್ತು. ಯಾರದೋ ಸುಟ್ಟು ಹೋದ ಕಾರ್ಡನ್ನು ತೊಳೆದು ಕೂರಿಸಿದ್ದರೆ ವಿಡಿಯೊ ಅರ್ಧಕ್ಕೆ ನಿಲ್ಲುತ್ತದೆ.

“ನಮ್ಮದು ಅಂತ ಗೊತ್ತಾಗೋವರ್ಗೂ ನಾನು ಕೆಲ್ಸ ಶುರು ಮಾಡಲ್ಲ,” ಎಂದು ಭಾಯಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಫ್ಯಾನಿನ ಸದ್ದೇ ಇಲ್ಲವೆಂದೆ.

“ಸದ್ದು ಇಲ್ವಾ? ಸದ್ದು ನಿಲ್ಲಿಸಿದ್ದಕ್ಕೆ ಯಾರೂ ಜಗಳಕ್ಕೆ ಬಂದಿರ್ಲಿಲ್ಲ ಅಕ್ಕ, ನೀವೇ ಮೊದಲು,” ಅಂದರು.

“ಕುಂಕುಮಾನೂ ಇಲ್ಲ.”

“ಫ್ಯಾನು ಬಿಚ್ಚಿ ತೊಳ್ದೆ, ಓಯ್ತು. ಮೂಲೇಲಿ ಪೊಟ್ಟಣ ಅಂಟಿಸಿದ್ದೀನಲ್ಲ, ನೋಡಿಲ್ವಾ?”

“ನೋಡ್ದೆ. ಸ್ಕ್ರೂ ತಾನೆ?”

“ಅಕ್ಕಿ ಕಾಳು ಅಕ್ಕ. ರೆಕ್ಕೆ ಸಂದೀಲಿ ಸಿಕ್ಕಾಕೊಂಡಿತ್ತು, ಅದೇ ಟಿಕ್ಕು ಟಿಕ್ಕು ಅಂತಿದ್ದಿದ್ದು. ಅರಿಸಿನ ಮೆತ್ಕೊಂಡಿತ್ತು. ಪೂಜೆದನ್ನ ಕಸದ ಬುಟ್ಟಿಗೆ ಎಂಗಾಕ್ಲಿ? ನಿಮ್ಮ ಯಜಮಾನ್ರಿಗೆ ಏಳಿದ್ನಲ್ಲ.”

ಯಜಮಾನರ ಕಡೆ ನೋಡಿದೆ. ಅವರು ಆಲ್ಬಮ್ಮನ್ನು ತಿರುವಿ ಹಾಕತೊಡಗಿದರು. “ಏಳಿದ್ನೇನೋ. ಬಸ್ಸು ಒಂಟಿತ್ತು ಕಣಮ್ಮಿ.”

ಪೊಟ್ಟಣ ಬಿಡಿಸಿದೆ. ಆಯುಧಪೂಜೆಗೆ ಅಕ್ಷತೆ ಹಾಕದ ಸ್ಟುಡಿಯೊ ಈ ಸೀಮೆಯಲ್ಲಿ ಯಾವುದಿದೆ? ಯಾರ ಮನೆಯ ಕಾಳಾದರೂ ಆಗಬಹುದು. ಕನ್ನಡಕ ಹಾಕಿಕೊಂಡು, ಉಗುರಿನಿಂದ ಅರಿಶಿನ ಕೆರೆದೆ. ಕೆಳಗೆ ಕೆಂಪು ಗೀರು ಕಂಡಿತು. ರಾಜಮುಡಿ. ನನ್ನ ತವರು ಪೂರಿಗಾಲಿಯಿಂದ ಬರುವ ಅಕ್ಕಿ. ಪೂಜೆಗೆಂದೇ ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಈ ಕಡೆ ನಾನು ಕಂಡ ಯಾವ ಸ್ಟುಡಿಯೊದವರೂ ಅಕ್ಷತೆಗೆ ರಾಜಮುಡಿ ಬಳಸುವುದಿಲ್ಲ, ಅಂಗಡಿಯ ಬಿಳಿ ಅಕ್ಕಿಯೇ ಎಲ್ಲರಿಗೂ.

“ನಮ್ಮದೇ,” ಅಂದೆ.

“ನಮ್ದೇ ಅಂತ ನಾನಾಗ್ಲೇ ಏಳ್ಲಿಲ್ವಾ?” ಅಂದರು ಇವರು.

ಕಾಳನ್ನು ತುಳಸಿ ಕಟ್ಟೆಗೆ ಹಾಕಿ ಬಂದು ಕೆಲಸ ಶುರು ಮಾಡಿದೆ. ಆದರೂ ಮುಚ್ಚಳ ಹಾಕಲಿಲ್ಲ. ಎರಡು ಕಾರ್ಡಿನ ಕಾವು ಒಂದಕ್ಕೊಂದು ತಾಗುತ್ತದೋ ಏನೋ ಎಂದು ಆಗಾಗ ಅಂಗೈ ಹಿಡಿದು ನೋಡುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ವಿಡಿಯೊ ನಿಲ್ಲದೆ ಮುಗಿಯಿತು. ತಾಳಿ ಕಟ್ಟುವ ಜಾಗವನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಪೆನ್‌ಡ್ರೈವನ್ನು ಇವರ ಬ್ಯಾಗಿಗೆ ಹಾಕಿದೆ. ಇನ್ನೊಂದಕ್ಕೂ ಅದನ್ನೇ ತುಂಬಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಈ ಸಲದ ಆಯುಧಪೂಜೆಗೆ ಅಕ್ಷತೆ ಡಬ್ಬದ ಮುಂದೆ, ತಟ್ಟೆಯಲ್ಲಿ. ಒಳಗಲ್ಲ.

ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕಾಳಿನ ಪಲ್ಯ ಉಂಡೆವು. ಮೊದಲು ಮಲಗಿದವರು ಇವರು, ಕೈ ಒರೆಸಿಕೊಂಡ ಟವೆಲ್ಲು ಹೆಗಲ ಮೇಲಿರುವಂತೆಯೇ.